ಫಿಕ್ಸ್‌ಡ್ ಗೇರ್ ಸೈಕಲ್ಲಿಗೂ ಮುಂದಿನ ಬ್ರೇಕ್ ಇರಲಿ

ಮಾನ್ಯ ಸಂಪಾದಕರೇ,

ಹಳೆಯ ಗೇರ್ ಸೈಕಲ್ಲನ್ನು ಫಿಕ್ಸ್‌ಡ್ ಗೇರ್‌ಗೆ ಬದಲಿಸಿಕೊಂಡು ಓಡಾಡುವ ಹುಡುಗರು ಮೈಸೂರಿನಲ್ಲಿ ನನಗೆ ಆಗಾಗ ಎದುರಾಗುತ್ತಾರೆ. ಮೂಲೆಯಲ್ಲಿ ತುಕ್ಕು ಹಿಡಿಯುತ್ತಿದ್ದ ಉಕ್ಕಿನ ಫ್ರೇಮ್ ಮತ್ತೆ ರಸ್ತೆಗಿಳಿದಿರುವುದನ್ನು ಕಂಡು ನನಗಾಗುವ ಸಂತೋಷ ಅಷ್ಟಿಷ್ಟಲ್ಲ. ಆದರೆ ಅವುಗಳಲ್ಲಿ ಕೆಲವಕ್ಕೆ ಬ್ರೇಕೇ ಇಲ್ಲದಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಫಿಕ್ಸ್‌ಡ್ ಗೇರ್ ಸೈಕಲ್ಲಿನಲ್ಲಿ ಫ್ರೀವೀಲ್ ಇರುವುದಿಲ್ಲವಾದ್ದರಿಂದ ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುತ್ತದೆ. ಕಾಲಿನಿಂದ ಪೆಡಲನ್ನು ತಡೆದರೆ ಸೈಕಲ್ ನಿಧಾನವಾಗುತ್ತದೆ, ಹಾಗಾಗಿ ಬ್ರೇಕ್ ಬೇಡ ಎಂಬುದು ಇವರ ವಾದ. ಆದರೆ ಈ ತಡೆ ಹಿಂದಿನ ಚಕ್ರಕ್ಕೆ ಮಾತ್ರ. ವೇಗ ತಗ್ಗುವಾಗ ಭಾರ ಮುಂದಕ್ಕೆ ವಾಲಿ ಹಿಂದಿನ ಚಕ್ರ ಹಗುರಾಗುವುದರಿಂದ, ಅದು ಜಾರುತ್ತದೆಯೇ ಹೊರತು ಸೈಕಲ್ ಬೇಗ ನಿಲ್ಲುವುದಿಲ್ಲ. ಸೈಕಲ್ ರೇಸಿನ ಟ್ರ್ಯಾಕ್ ಆದ ವೆಲೊಡ್ರೋಮ್‌ನಲ್ಲಿ ಬ್ರೇಕ್ ಇಲ್ಲದೆ ಓಡಿಸುತ್ತಾರೆ, ನಿಜ. ಅಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಹೋಗುತ್ತಾರೆ, ಆಟೋ ಆಗಲಿ ದನವಾಗಲಿ ಅಡ್ಡ ಬರುವುದಿಲ್ಲ. ಬ್ರಿಟನ್ನಿನ 1983ರ ನಿಯಮಗಳ ಪ್ರಕಾರ, ರಸ್ತೆಯಲ್ಲಿ ಓಡಿಸುವ ಇಂಥ ಸೈಕಲ್ಲಿಗೂ ಮುಂದಿನ ಬ್ರೇಕ್ ಕಡ್ಡಾಯ.

ಇನ್ನೊಂದು ಅಪಾಯ ಹಿಂದಿನ ಚಕ್ರದ ನಡುವಿನ ಹಬ್ಬಿನಲ್ಲಿದೆ. ಹಳೆಯ ಫ್ರೀವೀಲ್ ಹಬ್ಬಿನ ಥ್ರೆಡ್ (ತಿರುಪಿನ ಸುತ್ತು) ಮೇಲೆಯೇ ಹಲ್ಲುಚಕ್ರವನ್ನು ತಿರುಗಿಸಿ ಕೂರಿಸಿ, ಗಮ್ ಹಾಕಿ, ಮೇಲೊಂದು ರಿಂಗ್ ಬಿಗಿದು ಕೊಡುವ ಅಗ್ಗದ ಉಪಾಯವೊಂದಿದೆ. ನನ್ನ ಮೊದಲ ಸೈಕಲ್ಲನ್ನೂ ಅಂಗಡಿಯೊಂದರಲ್ಲಿ ಹೀಗೆಯೇ ಮಾಡಿಕೊಟ್ಟಿದ್ದರು. ಚಾಮುಂಡಿ ಬೆಟ್ಟ ಇಳಿಯುವಾಗ ತಿರುವಿನಲ್ಲಿ ಕಾಲನ್ನು ಬಿಗಿಹಿಡಿದೆ. ಕಟಕ್ ಎಂದು ಸದ್ದಾಗಿ ಪೆಡಲ್ ಹಿಂದಕ್ಕೆ ಸಡಿಲವಾಗಿ ತಿರುಗಿತು, ಚೈನ್ ಕಳಚಿ ಜೋತುಬಿತ್ತು. ಮುಂದಿನ ಬ್ರೇಕನ್ನು ತೆಗೆಸಿರಲಿಲ್ಲವಾದ್ದರಿಂದ ಇಂದು ಈ ಪತ್ರ ಬರೆಯುತ್ತಿದ್ದೇನೆ. ಸರಿಯಾದ ಫಿಕ್ಸ್‌ಡ್ ಹಬ್ಬಿನಲ್ಲಿ ಹಲ್ಲುಚಕ್ರವನ್ನು ಭದ್ರವಾಗಿ ಹಿಡಿಯುವ ಲಾಕ್‌ರಿಂಗ್‌ಗೆಂದೇ ಎದುರು ದಿಕ್ಕಿನ ಎಡ ಥ್ರೆಡ್ ಇರುತ್ತದೆ. ಹಲ್ಲುಚಕ್ರ ಕಳಚಿಕೊಳ್ಳಲು ಹೊರಟಷ್ಟೂ ಆ ರಿಂಗ್ ಬಿಗಿಯಾಗುತ್ತದೆ. ಉಳಿದೆಲ್ಲದರಲ್ಲಿ ಹಣ ಉಳಿಸಿದರೂ ಈ ಹಬ್ಬಿನಲ್ಲಿ ಉಳಿಸಬಾರದು.

ಫ್ರೇಮ್ ಆರಿಸುವಾಗ ಹಿಂದಿನ ಚಕ್ರದ ಆಕ್ಸಲ್ ಕೂರುವ ಸೀಳನ್ನು ನೋಡಬೇಕು. ಅದು ಅಡ್ಡವಾಗಿದ್ದರೆ ಚಕ್ರವನ್ನು ಹಿಂದಕ್ಕೆಳೆದು ಚೈನ್ ಬಿಗಿ ಮಾಡಬಹುದು. ಈಗಿನ ಹೆಚ್ಚಿನ ಸೈಕಲ್ಲುಗಳಂತೆ ನೇರ ಕೆಳಮುಖವಾಗಿದ್ದರೆ ಅದಾಗದು. ಗೇರ್ ಸೈಕಲ್ಲಿನಲ್ಲಿ ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ದಾಟಿಸುವ ಡಿರೇಲರನ್ನೇ ಚೈನ್ ಎಳೆದುಹಿಡಿಯಲು ಬಿಡುವುದೂ ತಪ್ಪು, ಏಕೆಂದರೆ ಕಾಲಿನಿಂದ ತಡೆದಾಗ ಎಳೆತವೆಲ್ಲ ಚೈನಿನ ಕೆಳಭಾಗಕ್ಕೆ ಬಂದು ಡಿರೇಲರ್ ಮುರಿಯುತ್ತದೆ. ಹಬ್ಬಿನ ಅಗಲವೂ ಬೇರೆ: ಟ್ರ್ಯಾಕ್ (ಫಿಕ್ಸ್‌ಡ್) ಹಬ್ 120 ಮಿ.ಮೀ., ಹಳೆಯ ರೋಡ್ ಸೈಕಲ್ಲುಗಳದ್ದು 126 ಅಥವಾ 130. ನಡುವಿನ ಅಂತರವನ್ನು ಸ್ಪೇಸರ್ (ಬಳೆಯಂಥ ಬಿಲ್ಲೆ) ಹಾಕಿ ತುಂಬಬೇಕೇ ವಿನಾ ಫ್ರೇಮನ್ನು ನಟ್ಟಿನಿಂದ ಅಮುಕಿ ಬಿಗಿಯಬಾರದು.

ಸೈಕಲ್ ರಿಪೇರಿ ಮಾಡುವವರಲ್ಲಿ ನನ್ನದೊಂದು ಕೋರಿಕೆ. ಗಿರಾಕಿ ಎಷ್ಟೇ ಒತ್ತಾಯಿಸಿದರೂ ಮುಂದಿನ ಬ್ರೇಕ್ ಕಳಚಿ ಕೊಡಬೇಡಿ. ಒಂದು ಏರು ಹತ್ತಿಸಿದ ಮೇಲೆ ಹಲ್ಲುಚಕ್ರ ಇನ್ನಷ್ಟು ಬಿಗಿಯಾಗುವುದರಿಂದ, ಸೈಕಲ್ಲನ್ನು ವಾಪಸ್ ತರಲು ಹೇಳಿ ಲಾಕ್‌ರಿಂಗನ್ನು ಮತ್ತೊಮ್ಮೆ ಬಿಗಿದುಕೊಡಿ. ಸ್ಟ್ಯಾಂಡಿನ ಮೇಲೆ ಚಕ್ರ ತಿರುಗುತ್ತಿರುವಾಗ ಬಟ್ಟೆ ಹಿಡಿದು ಚೈನ್ ಒರೆಸಬಾರದೆಂದೂ ತಿಳಿಸಿ. ಬಟ್ಟೆ ಸಿಕ್ಕಿಕೊಂಡರೂ ಈ ಚಕ್ರ ನಿಲ್ಲುವುದಿಲ್ಲ, ಬೆರಳನ್ನೂ ಎಳೆದುಕೊಳ್ಳುತ್ತದೆ.

– ಸೈಕಲ್ ಸವಾರ, ಮೈಸೂರು