ಪಿಕ್ಸೆಲ್ ಲೆಕ್ಕ ಮಾತ್ರ ಸಾಲದು

ಮಾನ್ಯ ಸಂಪಾದಕರೇ,

ತಲೆಗೆ ಹಾಕಿಕೊಂಡು ನೋಡುವ ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್‌ಗಳನ್ನು ಪರಿಚಯಿಸುವ ಲೇಖನಗಳಲ್ಲಿ ಹೆಚ್ಚಾಗಿ ಮೊದಲು ಬರುವುದು ಪಿಕ್ಸೆಲ್ ಸಂಖ್ಯೆ. ಸಿನಿಮಾ ನೋಡುವವರಿಗೆ ಅಷ್ಟು ಸಾಕು. ಆದರೆ ಡಿಸಿಎಸ್ ವರ್ಲ್ಡ್, ಐಎಲ್-2 ಥರದ ಯುದ್ಧವಿಮಾನ ಸಿಮ್ಯುಲೇಟರ್‌ಗಾಗಿ ಹೆಡ್‌ಸೆಟ್ ಕೊಳ್ಳುವವರು ಅದನ್ನೇ ನಂಬಿ ಹಣ ಸುರಿದು ಕೈಸುಟ್ಟುಕೊಳ್ಳುತ್ತಿದ್ದಾರೆ. ದಯವಿಟ್ಟು ನಿಮ್ಮ ತಂತ್ರಜ್ಞಾನ ಪುಟದಲ್ಲಿ ಇನ್ನೊಂದು ಅಂಕಿಯನ್ನೂ ಕೊಡಿ: ಒಂದು ಫ್ರೇಮ್, ಅಂದರೆ ಪರದೆಯ ಒಂದು ಚಿತ್ರ, ಬಿಡಿಸಲು ಕಂಪ್ಯೂಟರಿಗೆ ಹಿಡಿಯುವ ಸಮಯ.

ಸೆಕೆಂಡಿಗೆ 90 ಸಲ ಚಿತ್ರ ಬದಲಿಸುವ 90 ಹರ್ಟ್ಸ್ ಪರದೆಗೆ ಪ್ರತಿ 11.1 ಮಿಲಿಸೆಕೆಂಡಿಗೆ ಒಂದು ಹೊಸ ಚಿತ್ರ ಬೇಕು, ಅದೂ ಎರಡು ಕಣ್ಣಿಗೂ ಬೇರೆ ಬೇರೆಯಾಗಿ. ಆ ಗಡುವು ತಪ್ಪುತ್ತ ಹೋದರೆ ಹೆಡ್‌ಸೆಟ್‌ನ ತಂತ್ರಾಂಶ ಆಟವನ್ನು ಸೆಕೆಂಡಿಗೆ 45 ಫ್ರೇಮಿಗೆ ಇಳಿಸಿ, ನಡುವಿನ ಚಿತ್ರಗಳನ್ನು ಅಂದಾಜಿನ ಮೇಲೆ ತಾನೇ ಹೆಣೆಯುತ್ತದೆ. ನೇರವಾಗಿ ಹಾರುವಾಗ ಇದು ಗೊತ್ತೇ ಆಗುವುದಿಲ್ಲ. ಎದುರಾಳಿ ವಿಮಾನ ಕ್ಯಾನೊಪಿಯ (ಕಾಕ್‌ಪಿಟ್‌ನ ಗಾಜಿನ ಮುಚ್ಚಳ) ಅಡ್ಡಕ್ಕೆ ಸರ್ರನೆ ಹಾಯ್ದಾಗ ಬಣ್ಣ ಬಯಲಾಗುತ್ತದೆ: ವಿಮಾನ ಎರಡಾಗಿ ಕಾಣುತ್ತದೆ, ಹಡ್‌ನ (ಪೈಲಟ್ ಕಣ್ಣೆದುರಿನ ಗಾಜಿನ ಮೇಲೆ ಮಾಹಿತಿ ತೋರಿಸುವ ಸಾಧನ) ಅಂಕಿಗಳ ಸುತ್ತ ನೀರಿನಲ್ಲಿ ಅಲೆಯೆದ್ದಂತೆ ಗಾಜು ನಡುಗುತ್ತದೆ, ಪ್ರೊಪೆಲ್ಲರಿನ ಅಂಚು ಹರಿದುಹೋಗುತ್ತದೆ. ಗನ್ ಗುರಿ ಇಡಬೇಕಾದ ಕ್ಷಣವೂ ಅದೇ. ಏರಿಳಿಯುವ 90ಕ್ಕಿಂತ ಅಲುಗಾಡದ 72 ಎಷ್ಟೋ ಮೇಲು. ಅಲ್ಲಿ ಗಡುವು 13.9 ಮಿಲಿಸೆಕೆಂಡಿಗೆ ಸಡಿಲವಾಗುತ್ತದೆ.

ಹೊಸ ಗ್ರಾಫಿಕ್ಸ್ ಕಾರ್ಡಿಗೆ ದುಡ್ಡು ಹಾಕುವ ಮೊದಲು ಒಂದು ಪರೀಕ್ಷೆ ಮಾಡಿ. ನಗರದ ಮೇಲೆ ತಗ್ಗಿನಲ್ಲಿ ಹಾರುವ, ಏಳೆಂಟು ವಿಮಾನಗಳಿರುವ ಒಂದೇ ಮಿಷನ್ನನ್ನು ಪ್ರತಿ ಸಲವೂ ಆಡಿ. ರೆಸಲ್ಯೂಷನ್ನನ್ನು ಅರ್ಧಕ್ಕಿಳಿಸಿ. ಫ್ರೇಮ್ ಸಮಯ ಕುಸಿದರೆ ತಡೆ ಇರುವುದು ಗ್ರಾಫಿಕ್ಸ್ ಕಾರ್ಡಿನಲ್ಲಿ. ಕುಸಿಯದಿದ್ದರೆ ತಡೆ ಪ್ರೊಸೆಸರಿನದು, ಎಷ್ಟು ದುಬಾರಿ ಕಾರ್ಡ್ ತಂದರೂ ಪ್ರಯೋಜನವಿಲ್ಲ. ಮಿಷನ್ನಿನಲ್ಲಿರುವ ವಿಮಾನ, ವಾಹನಗಳ ಸಂಖ್ಯೆ ಮತ್ತು ನೋಟದ ದೂರ ತಗ್ಗಿಸಬೇಕು. ತಲೆ ತಿರುಗಿಸಿದಾಗ ಮಾತ್ರ ಗಕ್ಕನೆ ನಿಂತು ಮುಂದುವರಿದರೆ ಕಾರ್ಡಿನ ಮೆಮೊರಿ ತುಂಬಿರುವ ಸಾಧ್ಯತೆ ಹೆಚ್ಚು. ಆಗ ನೆಲದ ಟೆಕ್ಸ್ಚರನ್ನು (ಮೇಲ್ಮೈ ಚಿತ್ರದ ಸೂಕ್ಷ್ಮತೆ) ಒಂದು ಮೆಟ್ಟಿಲು ಇಳಿಸಿ, ಕಾಕ್‌ಪಿಟ್‌ನದನ್ನು ಹಾಗೇ ಬಿಡಿ, ಮೀಟರುಗಳನ್ನು ಓದಬೇಕಲ್ಲ.

ಆಟದ ಸೆಟ್ಟಿಂಗ್‌ಗಳಲ್ಲಿ ಕಡಿತ ಶುರುವಾಗಬೇಕಾದದ್ದು ಕಾಕ್‌ಪಿಟ್‌ನ ಕನ್ನಡಿಗಳಿಂದ. ಅವು ಹೊರಗಿನ ದೃಶ್ಯವನ್ನು ಇನ್ನೊಮ್ಮೆ ಬಿಡಿಸುತ್ತವೆ. ನಂತರ ನೆರಳು, ಆಮೇಲೆ ಮೋಡ. ಅಂಚುಗಳ ಒರಟನ್ನು ನಯಗೊಳಿಸುವ ಎಂಎಸ್‌ಎಎ 4ರಲ್ಲಿದ್ದರೆ 2ಕ್ಕೆ ತನ್ನಿ. ಕಡಿಮೆ ಪಿಕ್ಸೆಲ್‌ನಲ್ಲಿ ಬಿಡಿಸಿ ಆಮೇಲೆ ಹಿಗ್ಗಿಸುವ ಡಿಎಲ್‌ಎಸ್‌ಎಸ್ ಫ್ರೇಮ್ ಸಮಯ ಉಳಿಸುತ್ತದೆ ನಿಜ, ಆದರೆ ಓಡುವ ಅಂಕಿಗಳ ಹಿಂದೆ ಬಾಲ ಎಳೆಯುತ್ತದೆ, ದೂರದ ವಿಮಾನವನ್ನು ಮಸುಕು ಮಾಡುತ್ತದೆ. ಶತ್ರುವನ್ನು ಮೊದಲು ಕಂಡವನಿಗೇ ಮೇಲುಗೈ ಸಿಗುವ ಆಟದಲ್ಲಿ ಇದು ಸಣ್ಣ ನಷ್ಟವಲ್ಲ.

ಪಿಕ್ಸೆಲ್ ಮುಖ್ಯವಲ್ಲ ಎಂದು ಇದರ ಅರ್ಥವಲ್ಲ. ಮೆಟಾ ಕಂಪನಿಯ ಕ್ವೆಸ್ಟ್ 3 ಹೆಡ್‌ಸೆಟ್‌ನಲ್ಲಿ ಪ್ರತಿ ಕಣ್ಣಿಗೆ 2064×2208 ಪಿಕ್ಸೆಲ್, ಅಂದರೆ ನೋಟದ ಒಂದು ಡಿಗ್ರಿಗೆ ಸುಮಾರು 25. ಎಫ್-16 ಯುದ್ಧವಿಮಾನದ ಉದ್ದ ಸುಮಾರು 15 ಮೀಟರ್. 10 ಕಿಲೋಮೀಟರ್ ದೂರದಲ್ಲಿ ಪಕ್ಕಕ್ಕೆ ತಿರುಗಿದ್ದರೂ ಅದು ಬರೀ ಎರಡು ಪಿಕ್ಸೆಲ್. ಒಳ್ಳೆಯ ಕಣ್ಣಿನ ಸಾಮರ್ಥ್ಯ ಡಿಗ್ರಿಗೆ 60ರ ಆಸುಪಾಸು. ದೂರದ್ದನ್ನು ಕಾಣಿಸುವುದರಲ್ಲಿ ಹೆಡ್‌ಸೆಟ್ ಹಿಂದೆ, ಒಪ್ಪೋಣ. ಆದರೆ ಹತ್ತಿರದ ಕಾದಾಟದಲ್ಲಿ, ಜೊತೆಗಾರನ ರೆಕ್ಕೆಗಂಟಿ ಹಾರುವಾಗ, ಆಗಸದಲ್ಲಿ ಇಂಧನ ತುಂಬಿಸಿಕೊಳ್ಳುವಾಗ ಅದು ತೋರುವ ಆಳ ಯಾವ ಮಾನಿಟರಿನಲ್ಲೂ ಸಿಗುವುದಿಲ್ಲ.

ನಿಸ್ತಂತುವಾಗಿ ಆಡುವವರು ರೂಟರಿನಿಂದ ಕಂಪ್ಯೂಟರಿಗೆ ಕೇಬಲ್ಲನ್ನೇ ಎಳೆಯಬೇಕು. ಹೆಡ್‌ಸೆಟ್ 5 ಗಿಗಾಹರ್ಟ್ಸ್ ವೈಫೈನಲ್ಲಿರಲಿ, ರೂಟರ್ ಅದೇ ಕೋಣೆಯಲ್ಲಿರಲಿ. ಬಿಟ್‌ರೇಟ್ (ಸೆಕೆಂಡಿಗೆ ಕಳಿಸುವ ದತ್ತಾಂಶ) ಏರಿಸಿದಷ್ಟೂ ಚಿತ್ರ ಚೆನ್ನ ಎಂಬುದು ಪೂರ್ತಿ ನಿಜವಲ್ಲ. ಒತ್ತಿ ಕಿರಿದಾಗಿಸಿ ಕಳಿಸಿದ ಚಿತ್ರವನ್ನು ಬಿಚ್ಚಿಕೊಳ್ಳಲು ಹೆಡ್‌ಸೆಟ್‌ಗೆ ಹೆಚ್ಚು ಹೊತ್ತು ಹಿಡಿದು ತಲೆ ಮುಂದೆ, ಚಿತ್ರ ಹಿಂದೆ ಆಗುತ್ತದೆ. ಹಳೆಯದನ್ನು ಕೊಳ್ಳುವವರಿಗೆ ಒಂದು ಎಚ್ಚರಿಕೆ: 2024ರ ವಿಂಡೋಸ್ 11 24ಎಚ್2 ಆವೃತ್ತಿಯಿಂದ ಮೈಕ್ರೋಸಾಫ್ಟ್, ಕೆಲವು ಹೆಡ್‌ಸೆಟ್‌ಗಳು ನಂಬಿಕೊಂಡಿದ್ದ ತನ್ನ ಮಿಕ್ಸೆಡ್ ರಿಯಾಲಿಟಿ ವ್ಯವಸ್ಥೆಯನ್ನು ತೆಗೆದುಹಾಕಿದೆ. ಎಚ್‌ಪಿಯ ರಿವರ್ಬ್ ಜಿ2 ಆ ಹೆಡ್‌ಸೆಟ್‌ಗಳ ಗುಂಪಿಗೇ ಸೇರಿದ್ದು.

ಇನ್ನು ತಲೆಸುತ್ತು. ಕಣ್ಣು ವಿಮಾನ ಉರುಳುವುದನ್ನು ನೋಡುತ್ತದೆ, ಒಳಗಿವಿಗೆ ಕುರ್ಚಿ ಕದಲದಿರುವುದು ತಿಳಿಯುತ್ತದೆ. ಮೊದಲ ವಾರ ದಿನಕ್ಕೆ ಹತ್ತು-ಹದಿನೈದು ನಿಮಿಷ, ಬರೀ ಟೇಕಾಫ್ ಮತ್ತು ನೇರ ಹಾರಾಟ. ಆಟ ತಾನಾಗಿ ತಲೆ ಅಲ್ಲಾಡಿಸುವ ಆಯ್ಕೆಯನ್ನು ಆಫ್ ಮಾಡಿಬಿಡಿ. ಹೊಟ್ಟೆ ತೊಳಸಿದಂತಾದ ಕೂಡಲೇ ಹೆಡ್‌ಸೆಟ್ ತೆಗೆಯಿರಿ. ಹಲ್ಲು ಕಚ್ಚಿ ಮುಂದುವರಿದರೆ ಅಭ್ಯಾಸವಾಗುವ ಬದಲು ಹೆಡ್‌ಸೆಟ್ ಕಂಡರೇ ಓಕರಿಕೆ ಬರುವಂತಾಗುತ್ತದೆ. ಕಣ್ಣುಪಾಪೆಗಳ ನಡುವಿನ ಅಂತರವನ್ನು ಅಳೆದು ಮಸೂರಗಳನ್ನು ಅಷ್ಟಕ್ಕೇ ಹೊಂದಿಸಿ; ವಯಸ್ಕರಲ್ಲಿ ಅದು ಸರಾಸರಿ 63 ಮಿಲಿಮೀಟರ್, ನಿಮ್ಮದು ಬೇರೆಯೇ ಇರಬಹುದು.

ತೆಗೆದ ಹೆಡ್‌ಸೆಟ್ಟನ್ನು ಮಸೂರ ಕಿಟಕಿಯತ್ತ ಇರುವಂತೆ ಮಾತ್ರ ಇಡಬೇಡಿ. ಬಿಸಿಲು ಮಸೂರದ ಮೂಲಕ ಒಂದೇ ಚುಕ್ಕೆಯಾಗಿ ಪರದೆಯನ್ನು ಸುಡುತ್ತದೆ, ಆ ಕಲೆ ಮತ್ತೆ ಹೋಗುವುದಿಲ್ಲ.

ಇತಿ,
ಸಿಮ್ಯುಲೇಟರ್ ಹಾರಾಟದ ಹವ್ಯಾಸಿಗಳು