ಬೇಸಿಗೆ, ಸೈಕಲ್ ಮತ್ತು ಮಧ್ಯಾಹ್ನದ ಅಂಕಿ

ಸಂಪಾದಕರಿಗೆ ನಮಸ್ಕಾರ.

ಏಪ್ರಿಲ್ ಬಂತೆಂದರೆ ಪತ್ರಿಕೆಗಳಲ್ಲಿ ಪುಣೆಯ ಗರಿಷ್ಠ ತಾಪಮಾನ ದಪ್ಪಕ್ಷರದಲ್ಲಿ ಬರುತ್ತದೆ. 39, 40. ಅದನ್ನು ಓದಿದ ಕೂಡಲೇ ನಮ್ಮ ಮನೆಯಲ್ಲಿ ಶುರು: "ಈ ಬಿಸಿಲಲ್ಲಿ ಸೈಕಲ್ ತುಳೀತೀಯಾ? ತಲೆಗಿಲೆ ಕೆಟ್ಟಿದೆಯಾ?" ಅಂಕಿ ಸುಳ್ಳಲ್ಲ. ಆದರೆ ಅದು ಮಧ್ಯಾಹ್ನ ಊಟ ಆದಮೇಲಿನ ಹೊತ್ತಿನದು. ನಾನು ಮನೆ ಬಿಡುವುದು ಬೆಳಗ್ಗೆ ಆರಕ್ಕೆ.

ನಾನು ವಿಜಯಪುರದವಳು, ಈಗ ಧನಕವಡಿಯಲ್ಲಿ ಇದ್ದೇನೆ. ಊರಿನ ಆಚೆ ತುದಿಗೆ, ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತೇನೆ. ಒಂದು ಕಡೆಗೆ ಇಪ್ಪತ್ತು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಚಳಿಗಾಲದಲ್ಲಿ ಸೈಕಲ್ ಮೇಲೆ ಹೋಗಿ ರೂಢಿ ಇತ್ತು. ಬೇಸಿಗೆಯಲ್ಲೂ ಆಗುತ್ತದಾ ನೋಡೇಬಿಡೋಣ ಅಂತ ಈ ಸಲ ಏಪ್ರಿಲ್‌ನಲ್ಲಿ ಹೊರಟೆ.

ಬೆಳಗಿನ ಪಯಣಕ್ಕೆ ಹೆದರಬೇಕಾದ್ದು ಏನೂ ಇಲ್ಲ. ಪುಣೆ ಸಮುದ್ರಮಟ್ಟಕ್ಕಿಂತ ಸುಮಾರು 560 ಮೀಟರ್ ಎತ್ತರದಲ್ಲಿದೆ, ಏಪ್ರಿಲ್‌ನಲ್ಲಿ ಗಾಳಿಯೂ ಒಣ. ಹಗಲು ಎಷ್ಟೇ ಕಾದರೂ ರಾತ್ರಿ ಬೇಗ ತಣಿಯುತ್ತದೆ. ಧನಕವಡಿಯಿಂದ ಸ್ವಾರಗೇಟ್‌ವರೆಗೆ ಇಳಿಜಾರು. ಬಾಜೀರಾವ್ ರಸ್ತೆಯಲ್ಲಿ ಆ ಹೊತ್ತಿಗೆ ಹಾಲಿನವರು, ಪೇಪರಿನವರು ಬಿಟ್ಟರೆ ಯಾರಿಲ್ಲ. ಶನಿವಾರವಾಡಾ ದಾಟಿ, ಶಿವಾಜಿನಗರ, ಖಡಕಿ. ಖಡಕಿಯ ಮರಗಳ ಕೆಳಗೆ ಇನ್ನೂ ತಂಪು ಉಳಿದಿರುತ್ತದೆ. ಬಿಸಿಲು ಮೈಗೆ ತಾಗುವುದು ದಾಪೋಡಿಯ ಹ್ಯಾರಿಸ್ ಸೇತುವೆ ಮೇಲೆ. ಅಷ್ಟರಲ್ಲಿ ಅರ್ಧಕ್ಕಿಂತ ಜಾಸ್ತಿ ದಾರಿ ಮುಗಿದಿರುತ್ತದೆ. ತುಳಿಯುತ್ತಿರುವಾಗ ಗಾಳಿ ಬೀಸಿ ಬೆವರು ಆರಿಹೋಗುತ್ತದೆ. ಸಿಗ್ನಲ್‌ನಲ್ಲಿ ನಿಂತಿರೋ, ಧಾರಾಕಾರ.

ಶಿವಾಜಿನಗರದಲ್ಲಿ ಹವಾಮಾನ ಇಲಾಖೆಯ ಹಳೆಯ ಕಟ್ಟಡ ಇದೆಯಲ್ಲ, ಜನ ಇವತ್ತಿಗೂ ಸಿಮ್ಲಾ ಆಫೀಸ್ ಅನ್ನುತ್ತಾರೆ. 1928ರಲ್ಲಿ ಇಲಾಖೆ ಸಿಮ್ಲಾದಿಂದ ಇಲ್ಲಿಗೆ ಬಂದಿದ್ದರಿಂದ ಆ ಹೆಸರು. ಈ ಇಲಾಖೆಯವರು ತಾಪಮಾನ ಅಳೆಯುವುದು ಬಿಸಿಲಲ್ಲಿ ಅಲ್ಲ. ಬಿಳಿ ಬಣ್ಣದ, ಗಾಳಿಯಾಡುವ ಮರದ ಪೆಟ್ಟಿಗೆಯೊಳಗೆ, ನೆಲದಿಂದ ನಾಲ್ಕಡಿ ಮೇಲೆ. ಅಂದರೆ ಪತ್ರಿಕೆಯ 39 ನೆರಳಿನ 39. ಡಾಂಬರಿನ ಮೇಲೆ, ಬಸ್ಸಿನ ಇಂಜಿನ್ ಪಕ್ಕದಲ್ಲಿ ನಿಂತವನಿಗೆ ತಟ್ಟುವ ಕಾವೇ ಬೇರೆ. ಹಾಗಾಗಿ ಆ ಒಂದು ಅಂಕಿ ಬೆಳಗ್ಗೆ ಹೊರಡುವವರನ್ನು ಸುಮ್ನೆ ಹೆದರಿಸುತ್ತದೆ, ಮಧ್ಯಾಹ್ನ ರಸ್ತೆಯಲ್ಲಿರುವವರಿಗೆ ಪೂರ್ತಿ ಸತ್ಯ ಹೇಳುವುದಿಲ್ಲ. ಇಲಾಖೆ ಬೆಳಗ್ಗೆ 8.30ಕ್ಕೂ ಸಂಜೆ 5.30ಕ್ಕೂ ಅಳೆಯುತ್ತದೆ, ತೇವಾಂಶವನ್ನೂ ಬರೆದುಕೊಳ್ಳುತ್ತದೆ. ಏಪ್ರಿಲ್, ಮೇ ಎರಡು ತಿಂಗಳಾದರೂ ಅವನ್ನು ಗರಿಷ್ಠದ ಪಕ್ಕದಲ್ಲೇ ಹಾಕಲು ಆಗುತ್ತದಾ? ಜಾತಕಕ್ಕೆ ಕೊಡುವ ಜಾಗದಲ್ಲಿ ಎರಡು ಸಾಲು ಸಾಕು.

ತೇವಾಂಶ ಯಾಕೆ ಅಂತೀರಾ? ಮುಂಬೈ ಹತ್ತಿರ, ತೇವದ ಗಾಳಿಯ ಡೊಂಬಿವಲಿಯಲ್ಲಿರುವ ನನ್ನ ತಮ್ಮನೂ ಸೈಕಲ್ ತುಳಿಯುತ್ತಾನೆ. ಅಲ್ಲಿ ಅಂಕಿ ಇಲ್ಲಿಗಿಂತ ಕಡಿಮೆ ಇದ್ದ ದಿನವೂ ಅವಸ್ಥೆ ಜಾಸ್ತಿ. ಬೆವರು ಆರುವುದೇ ಇಲ್ಲ, ಆರದ ಬೆವರು ಮೈಯನ್ನು ತಣಿಸುವುದೂ ಇಲ್ಲ. ನಮ್ಮದು ಉಲ್ಟಾ ತೊಂದರೆ. ಪುಣೆಯ ಒಣ ಗಾಳಿಯಲ್ಲಿ ತುಳಿಯುವಾಗ ಬೆವರಿದ್ದೇ ಗೊತ್ತಾಗುವುದಿಲ್ಲ. ಸಂಜೆ ಮನೆಗೆ ಬಂದು ಕರಿ ಕುರ್ತಾ ಬಿಚ್ಚಿ ನೋಡಿದರೆ ಬೆನ್ನ ಮೇಲೆ ಬ್ಯಾಗಿನ ಪಟ್ಟಿಯ ಗುಂಟ ಬೆಳ್ಳಗೆ ಉಪ್ಪಿನ ಗೆರೆ. ಬಟ್ಟೆ ಒಣಗಿದೆ, ಮೈಯಲ್ಲಿದ್ದ ನೀರೂ ಹೋಗಿದೆ. ಬರೀ ನೀರು ಕುಡಿದರೆ ಸಾಲದು. ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಮಕ್ಕಳಿಗೆ ಭೇದಿಯಾದಾಗ ಕೊಡುತ್ತೇವಲ್ಲ, ಅದೇ ಲೆಕ್ಕ. ನನಗೆ ಮಾತ್ರ ಉಪ್ಪು ಹಾಕಿದ ಮಜ್ಜಿಗೆಯೇ ಹಿತ.

ನಿಜವಾದ ಪರೀಕ್ಷೆ ಸಂಜೆಯದು. ಐದೂವರೆಗೆ ಗೇಟು ದಾಟುವಾಗ ಸೂರ್ಯ ಇಳಿದಿರುತ್ತಾನೆ, ರಸ್ತೆ ಮಾತ್ರ ಹಗಲೆಲ್ಲ ನುಂಗಿದ ಕಾವನ್ನು ಹೊರಗೆ ಬಿಡುತ್ತಿರುತ್ತದೆ. ಲಾರಿಗಳ ಸಾಲು, ಹೊಗೆ. ಬೋಪೋಡಿ ಹತ್ತಿರ ತಲೆ ದಿಮ್ಮೆನ್ನತೊಡಗಿದ ಮೇಲೆ ನಾನು ಹಟ ಬಿಟ್ಟೆ. ಈಗ ನಾಶಿಕ್ ಫಾಟಾದಲ್ಲಿ ಮೆಟ್ರೊ ಹತ್ತುತ್ತೇನೆ. ಪುಣೆ ಮೆಟ್ರೊದಲ್ಲಿ ಸೈಕಲ್ ಒಯ್ಯಲು ಬಿಡುತ್ತಾರೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. 2024ರ ಸೆಪ್ಟೆಂಬರ್‌ನಿಂದ ನೆಲದಡಿಯ ಮಾರ್ಗ ಸ್ವಾರಗೇಟ್‌ವರೆಗೂ ಬಂದಿದೆ. ತಣ್ಣಗೆ ಇಳಿದು, ಕೊನೆಯ ಏರನ್ನು ಮಾತ್ರ ಕತ್ತಲಾಗುವ ಹೊತ್ತಿಗೆ ತುಳಿಯುವುದು. ಆ ರಸ್ತೆಯ ಸೈಕಲ್ ಟ್ರ್ಯಾಕ್ ಬಗ್ಗೆ ಕೇಳಬೇಡಿ. ಸ್ಕೂಟರ್‌ಗಳ ಪಾರ್ಕಿಂಗ್ ಮಧ್ಯೆ ಜಾಗ ಸಿಕ್ಕರೆ ಸೈಕಲ್ಲಿಗೆ. ಪೂರ್ತಿ ತುಳಿದರೇನೇ ಲೆಕ್ಕ ಅನ್ನುವವರು ಅನ್ನಲಿ. ಬೇಸಿಗೆಯಲ್ಲಿ ಬೆಳಗ್ಗೆ ಸೈಕಲ್, ಸಂಜೆ ಮೆಟ್ರೊ, ಇದರಲ್ಲಿ ನಾಚಿಕೆ ಏನು?

ಆದರೂ ನನ್ನನ್ನು ಜಾಸ್ತಿ ಸತಾಯಿಸಿದ್ದು ಬಿಸಿಲಲ್ಲ, ಕಾರ್ಖಾನೆಯ ಗೇಟಿನ ಒಳಗಿನ ವ್ಯವಸ್ಥೆ. "ಮ್ಯಾಡಮ್, ಏವ್ಢ್ಯಾ ಉನ್ಹಾತ್ ಸಾಯ್ಕಲ್?" (ಇಷ್ಟು ಬಿಸಿಲಲ್ಲಿ ಸೈಕಲ್ಲಾ?) ಎಂದು ವಾಚ್‌ಮನ್ ಕಾಕಾ ಮರಾಠಿಯಲ್ಲಿ ಕನಿಕರ ತೋರಿಸಿದರು, ಆದರೆ ಶೆಡ್ಡಿನಲ್ಲಿ ಸೈಕಲ್ ನಿಲ್ಲಿಸಲು ಬಿಡಲಿಲ್ಲ. ಶೆಡ್ಡು ಏನಿದ್ದರೂ ಕಾರು, ಮೋಟರ್‌ಬೈಕಿಗೆ. ದಿನವಿಡೀ ಬಿಸಿಲಲ್ಲಿ ನಿಂತ ಸೈಕಲ್ಲಿನ ಕರಿ ಸೀಟಿನ ಮೇಲೆ ಸಂಜೆ ಕೂತು ನೋಡಿ. ಒದ್ದೆ ಗೋಣಿಚೀಲ ಹಾಸಿ ಇಡುತ್ತೇನೆ, ಹನ್ನೊಂದಕ್ಕೆಲ್ಲ ಅದು ಒಣಗಿ ಹಪ್ಪಳ. ಟ್ಯೂಬಿನ ಹಳೆ ಪ್ಯಾಚ್ ಎರಡು ಸಲ ಬಿಟ್ಟುಕೊಂಡಿತು. ಕಾವಿಗೆ ಸೊಲ್ಯೂಷನ್ ಮೆತ್ತಗಾಗುತ್ತದೆ ಅಂತ ಪಂಕ್ಚರ್ ಅಂಗಡಿಯವನು ಹೇಳಿದ. ಇನ್ನು ಹೆಂಗಸರ ಸ್ನಾನದ ಕೋಣೆ. ಕಟ್ಟಿಸಿದ್ದೇನೋ ಇದೆ. ಒಳಗೆ ಪೊರಕೆ, ಫಿನಾಯಿಲ್ ಕ್ಯಾನು, ಮುರಿದ ಕುರ್ಚಿ. ಟಾಯ್ಲೆಟ್ಟಿನಲ್ಲಿ ಒದ್ದೆ ಟವೆಲ್‌ನಿಂದ ಮೈ ಒರೆಸಿಕೊಂಡು, ಒಂದು ಕಾಲು ಚಪ್ಪಲಿ ಮೇಲೆ, ಇನ್ನೊಂದು ಗಾಳಿಯಲ್ಲಿ, ಚೂಡಿದಾರ್ ಬದಲಾಯಿಸುವುದು ನಲವತ್ತು ದಾಟಿದವಳಿಗೆ ಸರ್ಕಸ್ಸೇ ಸರಿ.

ಆ ಕೋಣೆ ಖಾಲಿ ಮಾಡಿಸಿ ಎಂದು ಕೇಳಿದ್ದಕ್ಕೆ, "ಸೈಕಲ್ ಮೇಲೆ ಬರೋರು ನೀವೊಬ್ಬರೇ ತಾನೆ ಮ್ಯಾಡಮ್?" ಎಂದರು ಆಫೀಸಿನವರು. ಒಬ್ಬಳೇ ಅಲ್ಲ. ಕಂಪೌಂಡ್ ಗೋಡೆಯ ಹೊರಗೆ, ಚರಂಡಿ ಪಕ್ಕ, ಕಾಂಟ್ರ್ಯಾಕ್ಟ್ ಹುಡುಗರ ಸೈಕಲ್‌ಗಳು ಒಂದಕ್ಕೊಂದು ಸರಪಳಿ ಬಿಗಿದು ನಿಂತಿರುತ್ತವೆ. ಅವರು ಪರೀಕ್ಷೆಗೆ ಅಂತ ತುಳಿಯುವವರಲ್ಲ, ಬಸ್ಸಿನ ಖರ್ಚು ಉಳಿಸಲು ವರ್ಷವಿಡೀ ತುಳಿಯುವವರು. ಗೇಟಿನ ಒಳಗೆ ಸೈಕಲ್ ತರಲು ಅವರಿಗೆ ಬಿಡುವುದಿಲ್ಲ, ಹಾಗಾಗಿ ಲೆಕ್ಕಕ್ಕೂ ಬರುವುದಿಲ್ಲ.

ಭೋಸರಿ, ಚಾಕಣ ಕಡೆ ಕಾರ್ಖಾನೆ ನಡೆಸುವ ಕನ್ನಡಿಗರು ಬಹಳ ಮಂದಿ ಇದ್ದಾರೆ, ನಿಮ್ಮ ಪತ್ರಿಕೆಯನ್ನೂ ಓದುತ್ತಾರೆ. ಅವರಲ್ಲಿ ನನ್ನ ಕೋರಿಕೆ ಇಷ್ಟೇ: ಮುಂದಿನ ಮಾರ್ಚ್ ಒಳಗೆ ನಿಮ್ಮ ಗೋಡೆಯ ಹೊರಗೆ ಒಮ್ಮೆ ಹೋಗಿ ಆ ಸೈಕಲ್‌ಗಳನ್ನು ಎಣಿಸಿ. ಅಷ್ಟಕ್ಕೆ ಸಾಲುವಷ್ಟು ತಗಡಿನ ನೆರಳು, ಗಂಡಸರಿಗೊಂದು ಹೆಂಗಸರಿಗೊಂದು ನಲ್ಲಿ ಇರುವ ಸ್ನಾನದ ಕೋಣೆ ಮಾಡಿಸಿಕೊಡಿ.

ನಿಮ್ಮ ಓದುಗಾರ್ತಿ,
ಧನಕವಡಿ, ಪುಣೆ