ಶನಿವಾರದ ಪೋಕರ್: ಹೊಸಬರು ಓದ್ಕೊಂಡು ಬನ್ನಿ
ಎಲ್ರಿಗೂ ನಮಸ್ಕಾರ 🙏 ಈ ಶನಿವಾರ ಸಂಜೆ 6ಕ್ಕೆ ಟೆಕ್ಸಾಸ್ ಹೋಲ್ಡೆಮ್ ಇದೆ, ಬ್ಲೈಂಡ್ (ಎಲೆ ಹಂಚೋ ಮುಂಚೆ ಇಬ್ಬರು ಹಾಕ್ಲೇಬೇಕಾದ ಚಿಪ್ಸ್) 5-10, ಬರೀ ಚಿಪ್ಸ್, ದುಡ್ಡು ಇಲ್ಲ. ಹೊಸದಾಗಿ ಸೇರಿರೋರು ಇಷ್ಟು ತಿಳ್ಕೊಂಡಿರಿ.

ಒಳ್ಳೆ ಎಲೆ ಬಂದಾಗ ಸುಮ್ನೆ ಕಾಲ್ ಮಾಡ್ಬೇಡಿ (ಅಂದ್ರೆ ಬೇರೆಯವ್ರು ಹಾಕಿದಷ್ಟೇ ಹಾಕೋದು), 30ಕ್ಕೆ ರೈಸ್ ಮಾಡಿ (ಅಂದ್ರೆ ಏರಿಸಿ), ಮುಂಚೆ ಕಾಲ್ ಮಾಡಿರೋ ಒಬ್ಬೊಬ್ಬರಿಗೂ ಇನ್ನೊಂದು 10 ಸೇರಿಸಿ.

ಪಾಟ್ (ಮಧ್ಯದಲ್ಲಿ ಸೇರಿರೋ ಚಿಪ್ಸ್) ಲೆಕ್ಕ ಮಾತ್ರ ದಯವಿಟ್ಟು ಕಲೀರಿ: ಪಾಟಲ್ಲಿ 100 ಇದ್ದು ಎದುರಿನವ್ರು 50 ಹಾಕಿದ್ರೆ ನೀವು 50 ಕೊಟ್ಟು 150ಕ್ಕೆ ಆಡ್ತಿದೀರ (ನಿಮ್ಮ 50 ಸೇರಿದ್ರೆ ಒಟ್ಟು 200), ಅಂದ್ರೆ ನಾಲ್ಕರಲ್ಲಿ ಒಂದ್ಸಲನಾದ್ರೂ ಗೆಲ್ಬೇಕು, ಆದ್ರೆ ಫ್ಲಶ್‌ಗೆ (ಒಂದೇ ಗುರುತಿನ ಐದು ಎಲೆ) ಇನ್ನೊಂದು ಎಲೆ ಬೇಕಿದ್ರೆ ಅದು ಮುಂದಿನ ಎಲೆಗೇ ಬರೋ ಚಾನ್ಸ್ ಸುಮಾರು 19% ಅಷ್ಟೇ, ಹಾಗಾಗಿ ಹೆಚ್ಚಿನ ಸಲ ಫೋಲ್ಡೇ (ಎಲೆ ಬಿಟ್ಬಿಡೋದೇ) ಸರಿ.

ನಮ್ಮಲ್ಲಿ ಎಲ್ಲದಕ್ಕೂ ಕಾಲ್ ಮಾಡೋರೇ ಜಾಸ್ತಿ, ಅವ್ರ ಮೇಲೆ ಬ್ಲಫ್ (ಒಳ್ಳೆ ಎಲೆ ಇಲ್ದೇ ಇದ್ರೂ ಇರೋ ಥರ ಚಿಪ್ಸ್ ಹಾಕೋದು) ಬೇಡ. ಬರೋರು ಶುಕ್ರವಾರ ರಾತ್ರಿಯೊಳಗೆ ಹೆಸರು ಹಾಕಿ, ಟೇಬಲ್ ಜೋಡಿಸ್ಬೇಕು.